ಅರವತ್ತೊಂದರ ಹೊಸಬ

ಸಿಡ್ನಿ ಗ್ರೀನ್‌ಸ್ಟ್ರೀಟ್ ಮೊದಲ ಸಲ ಸಿನಿಮಾ ಕ್ಯಾಮೆರಾದ ಮುಂದೆ ನಿಂತಾಗ ಅವನಿಗೆ 61 ವರ್ಷ. ನಮ್ಮಲ್ಲಾದರೆ ಷಷ್ಟ್ಯಬ್ದಿ ಮುಗಿಸಿ, ಶಾಲು ಹೊದೆಸಿ, ಇನ್ನು ಮೊಮ್ಮಕ್ಕಳನ್ನು ಆಡಿಸಿಕೊಂಡಿರಿ ಎಂದು ಮೂಲೆಯಲ್ಲಿ ಕೂರಿಸುವ ವಯಸ್ಸು. ಅದು 1941, ವಾರ್ನರ್ ಬ್ರದರ್ಸ್ ಸ್ಟುಡಿಯೋ, ಚಿತ್ರ ‘ದಿ ಮಾಲ್ಟೀಸ್ ಫಾಲ್ಕನ್’. ನಿರ್ದೇಶಕ ಜಾನ್ ಹ್ಯೂಸ್ಟನ್‌ಗೂ ಅದೇ ಮೊದಲ ಚಿತ್ರ. ಗ್ರೀನ್‌ಸ್ಟ್ರೀಟ್‌ನ ಮೈತೂಕ 300 ಪೌಂಡಿನ ಆಸುಪಾಸು, ನಮ್ಮ ಲೆಕ್ಕದಲ್ಲಿ 135 ಕಿಲೋ. ಸುಮಾರು ನಾಲ್ಕು ದಶಕ ರಂಗಭೂಮಿಯಲ್ಲಿ ಪಳಗಿದವನು. ಅಷ್ಟಿದ್ದೂ ಮೊದಲ ದೃಶ್ಯಕ್ಕೆ ಮುಂಚೆ ನಾಯಕಿ ಮೇರಿ ಆಸ್ಟರ್ ಹತ್ತಿರ ಹೋಗಿ, ಸ್ವಲ್ಪ ನನ್ನ ಕೈ ಹಿಡಿದುಕೋ, ನಾನು ನಗೆಪಾಟಲಾಗುವುದಿಲ್ಲ ಅಂತ ಹೇಳು ಎಂದು ಕೇಳಿಕೊಂಡನಂತೆ. ಇದನ್ನು ಆಕೆಯೇ ಮುಂದೆ ನೆನಪಿಸಿಕೊಂಡಿದ್ದಾಳೆ.

ತೆರೆಯ ಮೇಲೆ ಆ ಅಂಜಿಕೆಯ ಸುಳಿವೂ ಇಲ್ಲ. ಹೋಟೆಲ್ ಕೋಣೆಯ ಬಾಗಿಲು ತೆರೆಯುತ್ತದೆ, ಹಂಫ್ರಿ ಬೊಗಾರ್ಟ್ ಒಳಗೆ ಬರುತ್ತಾನೆ, ಗ್ರೀನ್‌ಸ್ಟ್ರೀಟ್ ಅವನ ಕೈ ಕುಲುಕಿ, ತೋಳು ಹಿಡಿದು, ಹಳೇ ನೆಂಟನನ್ನು ಕರೆದೊಯ್ದಂತೆ ಒಳಗೆ ಕರೆದೊಯ್ಯುತ್ತಾನೆ. ಗ್ಲಾಸಿಗೆ ವಿಸ್ಕಿ ಸುರಿಯುತ್ತಾನೆ. ಸಾಕು ಎನ್ನದ ಅತಿಥಿಯನ್ನು ಕಂಡು ಅವನಿಗೆ ಸಂತೋಷ, ಏಕೆಂದರೆ ಸಾಕು ಎನ್ನುವವರ ಮೇಲೆ ಅವನಿಗೆ ನಂಬಿಕೆ ಇಲ್ಲ. ಛಾಯಾಗ್ರಾಹಕ ಆರ್ಥರ್ ಈಡಿಸನ್ ಕ್ಯಾಮೆರಾವನ್ನು ತಗ್ಗಿನಲ್ಲಿಟ್ಟು ಅವನನ್ನು ಕೆಳಗಿನಿಂದ ತೋರಿಸಿದ. ಹೊಟ್ಟೆಯೇ ಚೌಕಟ್ಟನ್ನು ತುಂಬಿಕೊಳ್ಳುತ್ತದೆ, ಅದರ ಮೇಲೆ ಗಡಿಯಾರದ ಸರಪಳಿ, ಅದರಾಚೆ ಎಲ್ಲೋ ಮೇಲೆ ಒಂದು ಸಣ್ಣ ತಲೆ. ನೋಡುವವರು ನಗುವುದಿಲ್ಲ. ಅಲ್ಲಿಯವರೆಗೆ ಹಾಲಿವುಡ್ಡಿನಲ್ಲಿ ಇಂಥ ಹೊಟ್ಟೆ ಬಂದರೆ ನಗುವುದೇ ವಾಡಿಕೆಯಾಗಿತ್ತು.

ನನಗೆ ಇದು ಬರೀ ಸಿನಿಮಾ ಇತಿಹಾಸದ ಮಾತಲ್ಲ. ಬ್ಯಾಂಕಿನ ಕೆಲಸದ ಜೊತೆಗೆ ಬಹಳ ವರ್ಷ ಹವ್ಯಾಸಿ ನಾಟಕ ಆಡಿದವನು ನಾನು. ಆಗಲೇ ನೂರು ಕಿಲೋ ದಾಟಿದ್ದೆ. ಹಾಗಾಗಿ ನನ್ನ ಪಾಲಿಗೆ ಬರುತ್ತಿದ್ದದ್ದು ಮೂರೇ ಪಾತ್ರ: ಬಡ್ಡಿ ಸಾಹುಕಾರ, ಯಮಧರ್ಮರಾಯ, ಕುಂಭಕರ್ಣ. ಒಮ್ಮೆ ನಿರ್ದೇಶಕರೊಬ್ಬರನ್ನು, ಈ ದೃಶ್ಯದಲ್ಲಿ ನಾನೇನು ಮಾಡಲಿ ಎಂದು ಕೇಳಿದೆ. “ನೀವೇನೂ ಮಾಡ್ಬೇಡಿ ಸಾರ್. ಸುಮ್ನೆ ಬಂದು ಕೂತ್ಕೊಳ್ಳಿ, ಜನ ತಾವೇ ನಗ್ತಾರೆ” ಅಂದರು. ಜನ ನಕ್ಕರು ಕೂಡ. ಆ ಕಾಲದಲ್ಲೇ ಬಾಡಿಗೆ ವಿಸಿಆರ್‌ನಲ್ಲಿ, ಗೆರೆ ಗೆರೆ ಬಿದ್ದ ಕ್ಯಾಸೆಟ್ಟಿನಲ್ಲಿ ಈ ‘ಫಾಲ್ಕನ್’ ನೋಡಿದ್ದು. ಇಲ್ಲೊಬ್ಬ ದಢೂತಿ ಮನುಷ್ಯ ಸುಮ್ಮನೆ ಬಂದು ಕೂರುತ್ತಾನೆ, ಆದರೆ ಕೋಣೆಯಲ್ಲಿ ಯಾರಿಗೂ ನಗುವ ಧೈರ್ಯವಿಲ್ಲ. ಹೇಗೆ ಕೂರುತ್ತಾನೆ ಅಂತ ನಾಲ್ಕೈದು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಕುರ್ಚಿ ಎಲ್ಲಿದೆ ಅಂತ ತಿರುಗಿ ನೋಡುವುದಿಲ್ಲ. ಕೈ ಊರುವುದಿಲ್ಲ, ಉಸ್ಸಪ್ಪಾ ಅನ್ನುವುದಿಲ್ಲ. ಮಾತು ನಡೆಯುತ್ತಲೇ ಇರುತ್ತದೆ, ಮೈ ಅದರ ಪಾಡಿಗೆ ಇಳಿಯುತ್ತದೆ. ಮನೆಯಲ್ಲಿ ನಾನೂ ಅಭ್ಯಾಸ ಮಾಡಿದೆ. ಹೆಂಡತಿ ಬೆತ್ತದ ಕುರ್ಚಿಯನ್ನು ಒಳಗೆ ತೆಗೆದುಕೊಂಡು ಹೋಗಿಟ್ಟಳು.

ದಪ್ಪನವರನ್ನು ನಗೆಗೆ ಮೀಸಲಿಡುವ ಸಂಪ್ರದಾಯ ಅಮೆರಿಕದ ಸಿನಿಮಾದಷ್ಟೇ ಹಳೆಯದು. ಅಲ್ಲಿನ ಮೊದಲ ಹಾಸ್ಯತಾರೆ ಎನ್ನಬಹುದಾದ ಜಾನ್ ಬನ್ನಿ 1910ರಲ್ಲಿ ವೈಟಾಗ್ರಾಫ್ ಕಂಪನಿ ಸೇರಿದ. ಗುಂಡು ಮುಖ, ಗುಂಡು ಮೈ. ಐದೇ ವರ್ಷದಲ್ಲಿ, 1915ರಲ್ಲಿ, ತೀರಿಕೊಂಡ. ಆಮೇಲೆ ಬಂದವನು ರಾಸ್ಕೋ ಆರ್ಬಕಲ್. ಅವನನ್ನು ಜಗತ್ತೆಲ್ಲ ‘ಫ್ಯಾಟಿ’ ಎಂದು ಕರೆಯಿತು, ಅವನಿಗೆ ಮಾತ್ರ ಆ ಹೆಸರು ಕಂಡರೆ ಆಗುತ್ತಿರಲಿಲ್ಲ. ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವುದು, ಕುರ್ಚಿ ಮುರಿದು ಬೀಳುವುದು ಇಂಥ ಅಗ್ಗದ ತಮಾಷೆಯನ್ನು ಮಾಡಲಾರೆ ಎನ್ನುತ್ತಿದ್ದವನು ಅವನು. ಅಷ್ಟು ಭಾರದ ಮನುಷ್ಯ ಅಷ್ಟು ಹಗುರಾಗಿ ಕುಣಿದದ್ದನ್ನು ನೋಡಬೇಕೆಂದರೆ ಇವತ್ತಿಗೂ ಅವನ ಮೂಕಿ ಚಿತ್ರಗಳನ್ನೇ ನೋಡಬೇಕು. 1921ರಲ್ಲಿ ನಟಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸಿಕ್ಕಿಕೊಂಡು ಮೂರು ಸಲ ವಿಚಾರಣೆ ಎದುರಿಸಿದ. ಕೊನೆಗೆ ನಿರ್ದೋಷಿ ಎಂದು ತೀರ್ಪು ಬಂತು, ಅಷ್ಟರಲ್ಲಿ ವೃತ್ತಿ ಮುಗಿದೇ ಹೋಗಿತ್ತು.

ಇನ್ನೊಬ್ಬ ಯೂಜೀನ್ ಪ್ಯಾಲೆಟ್. ಗ್ರಿಫಿತ್‌ನ 1916ರ ‘ಇನ್‌ಟಾಲರೆನ್ಸ್’ನಲ್ಲಿ ಇವನು ಸಣಕಲು ಮೈಯ ಚಂದದ ಯುವಪ್ರೇಮಿ. ಆಮೇಲೆ ಮೈ ಬಂತು. ಟಾಕಿ ಬಂದ ಮೇಲೆ ಕಪ್ಪೆಯನ್ನು ನಾಚಿಸುವ ಗೊಗ್ಗರು ದನಿಯೂ ಸೇರಿಕೊಂಡು, ನಾಯಕನಾಗಿದ್ದವನು 1938ರ ‘ರಾಬಿನ್ ಹುಡ್’ನಲ್ಲಿ ಸನ್ಯಾಸಿ ಫ್ರಯರ್ ಟಕ್ ಆದ. ಮೂವತ್ತರ ದಶಕದ ಚಿತ್ರಗಳಲ್ಲಿ ಶ್ರೀಮಂತ ಅಪ್ಪ ಗದರಬೇಕಾದರೆ ಪ್ಯಾಲೆಟ್‌ಗೆ ಹೇಳಿಕಳಿಸುತ್ತಿದ್ದರು. ನನಗೆ ಅವನು ಇಷ್ಟ. ಆದರೆ ಅವನದೂ ನಗೆಯ ಹೊಟ್ಟೆಯೇ.

ಗ್ರೀನ್‌ಸ್ಟ್ರೀಟ್ ಬಂದ ದಾರಿ ಬೇರೆ. 1879ರ ಡಿಸೆಂಬರ್ 27ರಂದು ಇಂಗ್ಲೆಂಡಿನ ಕೆಂಟ್ ಸೀಮೆಯ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಹುಟ್ಟಿದ. ಅಪ್ಪನದು ಚರ್ಮದ ವ್ಯಾಪಾರ, ಮನೆಯಲ್ಲಿ ಎಂಟು ಮಕ್ಕಳು. ಇನ್ನೂ ಇಪ್ಪತ್ತು ತುಂಬುವ ಮೊದಲೇ ಟೀ ತೋಟ ಮಾಡಿ ದುಡ್ಡು ಗಳಿಸುವ ಆಸೆಯಿಂದ ಸಿಲೋನಿಗೆ ಹಡಗು ಹತ್ತಿದ. ಮಳೆ ಕೈಕೊಟ್ಟಿತು, ಬರ ಬಂತು, ತೋಟ ಹಾಳಾಯಿತು. ಆ ವರ್ಷ ಸಿಲೋನಿನಲ್ಲಿ ಮಳೆ ಚೆನ್ನಾಗಿ ಬಿದ್ದಿದ್ದರೆ ಅಲ್ಲೇ ಬಂಗಲೆಯ ಜಗಲಿಯಲ್ಲಿ ಕೂತು, ಕೂಲಿಗಳ ಲೆಕ್ಕ ನೋಡುತ್ತ, ಸಂಜೆ ಕ್ಲಬ್ಬಿನಲ್ಲಿ ಕುಡಿಯುತ್ತ ಮುದುಕನಾಗುತ್ತಿದ್ದ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲೂ ಅಂಥ ದೊರೆಗಳು ಬೇಕಾದಷ್ಟು ಇದ್ದರು. ಅವರಲ್ಲಿ ಯಾರ ಒಳಗೆ ಯಾವ ನಟ ಕೂತಿದ್ದನೋ. ಇವನು ಮಾತ್ರ ಊರಿಗೆ ವಾಪಸಾಗಿ ಬಿಯರ್ ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಬೇಸರ ಕಳೆಯಲು ಸಂಜೆ ಅಭಿನಯದ ಪಾಠಕ್ಕೆ ಹೋದ. 1902ರಲ್ಲಿ ಷರ್ಲಾಕ್ ಹೋಮ್ಸ್ ನಾಟಕವೊಂದರಲ್ಲಿ ಕೊಲೆಗಾರನಾಗಿ ಬಣ್ಣ ಹಚ್ಚಿದ. ಮೊದಲ ವೇಷವೇ ಕೊಲೆಗಾರನದು, ಅದೂ ಒಳ್ಳೆಯದೇ ಆಯಿತು.

ಅಲ್ಲಿಂದ ಬೆನ್ ಗ್ರೀಟ್‌ನ ಷೇಕ್ಸ್‌ಪಿಯರ್ ಕಂಪನಿ. ಅದು ಊರೂರು ಅಲೆಯುವ ಕಂಪನಿ, ನಮ್ಮ ಕಂಪನಿ ನಾಟಕದವರ ಹಾಗೇ: ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ, ರಾತ್ರಿ ಆಟ, ಹಗಲು ಪ್ರಯಾಣ. ಆ ಕಂಪನಿಯ ಜೊತೆ ಅಮೆರಿಕಕ್ಕೆ ಬಂದವನು ಅಲ್ಲೇ ನಿಂತ. ಕೊನೆಗೆ ಆಲ್ಫ್ರೆಡ್ ಲಂಟ್, ಲಿನ್ ಫಾಂಟೇನ್ ದಂಪತಿಗಳ ತಂಡ ಸೇರಿದ. ಬ್ರಾಡ್ವೇಯಲ್ಲಿ ಆಗ ಇವರಿಬ್ಬರದೇ ರಾಜ್ಯಭಾರ. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಶುರು ಮಾಡಿ, ಎರಡು ಮಾತೂ ಸ್ಪಷ್ಟವಾಗಿ ಕೇಳುವಂತೆ ನಡೆಸುವ ಕಲೆ ಅವರದು. ಆ ಜೋಡಿಯ ಪಕ್ಕದಲ್ಲಿ ನಿಂತು ಕಾಲ ತಪ್ಪದೆ ಮಾತಾಡಲು ಕಲಿತವನಿಗೆ ಬೊಗಾರ್ಟ್ ಎದುರು ಮಾತಾಡುವುದು ಯಾವ ಲೆಕ್ಕ. ಚೆಕಾಫನ ‘ಸೀಗಲ್’ನಲ್ಲಿ ಕಾಯಿಲೆಯ ಮುದುಕ ಸೋರಿನ್, ‘ಟೇಮಿಂಗ್ ಆಫ್ ದಿ ಶ್ರೂ’ನಲ್ಲಿ ಹೆಣ್ಣು ಹೆತ್ತ ತಂದೆ ಬ್ಯಾಪ್ಟಿಸ್ಟಾ. ರಾಬರ್ಟ್ ಷೆರ್ವುಡ್‌ನ ‘ದೇರ್ ಷಲ್ ಬಿ ನೋ ನೈಟ್’ ನಾಟಕದಲ್ಲೂ ಅವನಿದ್ದ. ಆ ನಾಟಕ ಲಾಸ್ ಏಂಜಲೀಸ್‌ಗೆ ಬಂದಿದ್ದಾಗ ಹ್ಯೂಸ್ಟನ್‌ಗೆ ತನಗೆ ಬೇಕಾದ ಮನುಷ್ಯ ಸಿಕ್ಕಿದ.

‘ಫಾಲ್ಕನ್’ ಚಿತ್ರದ ಮೂಲವಾದ ಡ್ಯಾಶಿಯಲ್ ಹ್ಯಾಮೆಟ್‌ನ ಕಾದಂಬರಿ 1930ರಲ್ಲಿ ಪುಸ್ತಕವಾಗಿ ಬಂತು. ವಾರ್ನರ್‌ನವರು ಅದನ್ನು ಆಗಲೇ ಎರಡು ಸಲ ಸಿನಿಮಾ ಮಾಡಿ ಕೈತೊಳೆದುಕೊಂಡಿದ್ದರು. 1931ರ ಚಿತ್ರದಲ್ಲಿ, ಮುಂದೆ ಗ್ರೀನ್‌ಸ್ಟ್ರೀಟ್ ಮಾಡಿದ ಖಳ ಗಟ್ಮನ್ ಪಾತ್ರ ಡಡ್ಲಿ ಡಿಗ್ಸ್‌ನದು. 1936ರ ಚಿತ್ರದಲ್ಲಿ ಆ ಪಾತ್ರವನ್ನೇ ಹೆಂಗಸು ಮಾಡಿ ಆಲಿಸನ್ ಸ್ಕಿಪ್‌ವರ್ತ್‌ಗೆ ಕೊಟ್ಟರು. ಅಂದರೆ ಆ ಪಾತ್ರ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಹ್ಯಾಮೆಟ್ ಕೂಡ ಗಟ್ಮನ್‌ನನ್ನು ಹೆಜ್ಜೆ ಹೆಜ್ಜೆಗೂ ಮೈ ತುಳುಕುವ, ಮೆತ್ತನೆಯ ಕೊಬ್ಬಿನ ಮನುಷ್ಯನನ್ನಾಗಿ ಬರೆದಿದ್ದ. ಗ್ರೀನ್‌ಸ್ಟ್ರೀಟ್ ಅದನ್ನು ಬಿಟ್ಟುಬಿಟ್ಟ. ಅವನ ಮೈ ತುಳುಕುವುದಿಲ್ಲ. ನೆಟ್ಟಗೆ ನಿಂತ ಬೆನ್ನು, ಗಟ್ಟಿ ಹೊಟ್ಟೆ, ಚಿಕ್ಕ ಚೊಕ್ಕ ಹೆಜ್ಜೆ. ಅವನು ನಡೆದು ಬಂದರೆ ತೇರು ಹೊರಟ ಹಾಗೆ: ಅವಸರವಿಲ್ಲ, ಆದರೆ ದಾರಿ ಬಿಡಬೇಕಾದವರು ನಾವು.

ಬೊಗಾರ್ಟ್‌ಗೆ ಮತ್ತು ಬೆರೆಸಿ ಕುಡಿಸುವ ದೃಶ್ಯ ಒಂದಿದೆ. ಸೆಟ್ಟಿನಲ್ಲಿದ್ದ ಸ್ಕ್ರಿಪ್ಟ್ ಸಹಾಯಕಿ ಮೀಟಾ ಕಾರ್ಪೆಂಟರ್ ನೆನಪಿಸಿಕೊಂಡಂತೆ, ಅದಕ್ಕೆ ಎರಡು ದಿನ ರಿಹರ್ಸಲ್ ನಡೆಯಿತು. ಸುಮಾರು ಏಳು ನಿಮಿಷದ ಒಂದೇ ಟೇಕ್. ಕ್ಯಾಮೆರಾ ಇಬ್ಬರನ್ನೂ ಕೋಣೆಯಿಂದ ಕೋಣೆಗೆ ಹಿಂಬಾಲಿಸುತ್ತದೆ, ಏರುತ್ತದೆ, ಇಳಿಯುತ್ತದೆ, ಕೊನೆಗೆ ಮತ್ತೇರಿದ ಬೊಗಾರ್ಟ್‌ನ ಕಣ್ಣಿಗೆ ಕಾಣುವ ಆ ಹೊಟ್ಟೆಯ ಮೇಲೆ ನಿಲ್ಲುತ್ತದೆ. ಒಬ್ಬರು ಒಂದು ಹೆಜ್ಜೆ ತಪ್ಪಿದರೂ ಮತ್ತೆ ಮೊದಲಿನಿಂದ. ಸಿನಿಮಾದ ಹುಡುಗರಿಗೆ ಇದು ಎದೆ ನಡುಗಿಸುವ ಕೆಲಸ. ಮೂರು ಗಂಟೆಯ ನಾಟಕವನ್ನು ರಾತ್ರಿಯಿಂದ ರಾತ್ರಿಗೆ ನಡೆಸಿಕೊಂಡು ಬಂದ ಮುದುಕನಿಗೆ ಏಳು ನಿಮಿಷ ಅಂದರೆ ಬಿಡುವು.

ನನ್ನ ಮೆಚ್ಚಿನ ಗಳಿಗೆ ಮಾತ್ರ ಇನ್ನೂ ಮುಂದೆ ಇದೆ. ಹದಿನೇಳು ವರ್ಷ ಹುಡುಕಿದ ರತ್ನಖಚಿತ ಹಕ್ಕಿಯ ಗೊಂಬೆ ಕೊನೆಗೂ ಮೇಜಿನ ಮೇಲೆ ಕೂತಿದೆ. ಗಟ್ಮನ್ ಚಾಕು ತೆಗೆದು ಕಪ್ಪು ಬಣ್ಣವನ್ನು ಕೆರೆಯುತ್ತಾನೆ. ಚಿನ್ನ ಹೊಳೆಯಬೇಕಾದ ಕಡೆ ಸೀಸ. ಇನ್ನೊಂದು ಕಡೆ ಕೆರೆಯುತ್ತಾನೆ, ಇನ್ನೂ ಆಳಕ್ಕೆ; ಕೆರೆತ ಕೊಚ್ಚಾಟವಾಗುತ್ತದೆ. ಆ ಮಹಾಶಯನ ಗಾಂಭೀರ್ಯವೆಲ್ಲ ನಮ್ಮ ಕಣ್ಣೆದುರೇ ಕರಗಿ ಹೋಗುತ್ತದೆ. ಪಕ್ಕದಲ್ಲಿ ಪೀಟರ್ ಲೋರಿ ಅವನನ್ನು ಬಾಯಿಗೆ ಬಂದಂತೆ ಬೈದು ಗೊಳೋ ಎಂದು ಅಳುತ್ತಾನೆ. ಗ್ರೀನ್‌ಸ್ಟ್ರೀಟ್ ಮಂಕಾಗಿ ನಿಂತು ಕೊರಳಪಟ್ಟಿ ಎಳೆದುಕೊಳ್ಳುತ್ತಾನೆ. ಆಮೇಲೆ ಗಂಟಲೊಳಗಿಂದ ಒಂದು ನಗು ಎದ್ದು ಬರುತ್ತದೆ. ಹದಿನೇಳು ವರ್ಷ ಹುಡುಕಿದ್ದಾಗಿದೆ, ಇನ್ನೊಂದು ವರ್ಷ ಹುಡುಕಿದರೆ ಹೆಚ್ಚಿಗೆ ತಗಲುವ ಕಾಲ ಶೇಕಡಾ ಐದೂ ಹದಿನೇಳನೇ ಹದಿನೈದು ಮಾತ್ರ ಎಂದು ಲೆಕ್ಕ ಹೇಳಿ, ಇಸ್ತಾಂಬುಲ್‌ಗೆ ಹೊರಟೇ ಬಿಡುತ್ತಾನೆ. ಲೆಕ್ಕ ಸರಿಯಾಗಿಯೇ ಇದೆ, ನಾನು ಬ್ಯಾಂಕಿನವನು, ಹಾಕಿ ನೋಡಿದ್ದೇನೆ. ಒಂದು ನಿಮಿಷದೊಳಗೆ ಸರ್ವನಾಶ, ಅವಮಾನ, ಚೇತರಿಕೆ ಮೂರನ್ನೂ ಮುಖದಲ್ಲಿ ಹಾಯಿಸಿ, ಟೋಪಿ ಹಾಕಿಕೊಂಡು ಹೊರಟ ಈ ಮನುಷ್ಯನಿಗೆ ಪೋಷಕ ನಟನ ಆಸ್ಕರ್ ಸಿಗಲಿಲ್ಲ. ನಾಮನಿರ್ದೇಶನ ಮಾತ್ರ ಆಯಿತು, ಪ್ರಶಸ್ತಿ ಡೊನಾಲ್ಡ್ ಕ್ರಿಸ್ಪ್ ಪಾಲಾಯಿತು. ಆ ಪ್ರಶಸ್ತಿಯೂ ಹೊಸದೇ, 1936ರ ಚಿತ್ರಗಳಿಂದ ಕೊಡತೊಡಗಿದ್ದು. ಅದೂ ಎಂಥದ್ದು ಅಂತೀರಿ? ನಾಯಕ ನಟರಿಗೆ ಬಂಗಾರದ ಬೊಂಬೆ, ಪೋಷಕ ನಟರಿಗೆ ಗೋಡೆಗೆ ತಗಲಿಸುವ ಒಂದು ಫಲಕ. ಪಂಕ್ತಿಭೇದ ಹಾಲಿವುಡ್ಡಿನಲ್ಲೂ ಇತ್ತು.

ಪಂಕ್ತಿಭೇದ ಇದ್ದರೂ ಆ ಪಂಕ್ತಿಯಲ್ಲಿ ಊಟ ಗಟ್ಟಿಯಾಗಿತ್ತು. ದೊಡ್ಡ ಸ್ಟುಡಿಯೋಗಳು ನಟರನ್ನು ಏಳು ವರ್ಷದ ಕರಾರಿನ ಮೇಲೆ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ನಾಯಕರು ಮಾತ್ರವಲ್ಲ, ಪೊಲೀಸು, ಪಾದ್ರಿ, ಬಟ್ಲರ್, ಖಳ, ಸೋದರಮಾವ ಎಲ್ಲರೂ ಸಂಬಳದ ಪಟ್ಟಿಯಲ್ಲಿ. ವಾರ್ನರ್‌ನ ಆ ಪಟ್ಟಿ ಬಹಳ ಸಮೃದ್ಧವಾಗಿತ್ತು. ಕರಾರು ಸುಖವೇನೂ ಅಲ್ಲ. ಕೊಟ್ಟ ಪಾತ್ರ ಬೇಡ ಅಂದರೆ ಸಂಬಳ ನಿಲ್ಲುತ್ತಿತ್ತು, ನಿಂತಷ್ಟು ದಿನ ಕರಾರಿನ ಕೊನೆಗೆ ಸೇರುತ್ತಿತ್ತು. ಒಲಿವಿಯಾ ಡಿ ಹ್ಯಾವಿಲೆಂಡ್ ಇದೇ ವಾರ್ನರ್ ಮೇಲೆ ಕೋರ್ಟಿಗೆ ಹೋಗಿ 1944ರಲ್ಲಿ ಗೆದ್ದ ಮೇಲೆ ಆ ಬಾಲಕ್ಕೆ ಕತ್ತರಿ ಬಿತ್ತು. ಆದರೆ ಪೋಷಕ ನಟನಿಗೆ ಈ ಪದ್ಧತಿಯಿಂದ ಒಂದು ಲಾಭ ಇತ್ತು: ಒಂದಾದ ಮೇಲೊಂದು ಕೆಲಸ. ಪ್ರೇಕ್ಷಕರಿಗೂ ಲಾಭ. ವರ್ಷಕ್ಕೆ ಮೂರು ನಾಲ್ಕು ಸಲ ಅದೇ ಮುಖ ಬೇರೆ ಬೇರೆ ಟೋಪಿ ಹಾಕಿಕೊಂಡು ಬರುವುದು, ಓ ಬಂದ ನೋಡು ಅಂತ ಪಕ್ಕದವನಿಗೆ ಹೇಳುವುದು.

‘ಕ್ಯಾಸಾಬ್ಲಾಂಕಾ’ದಲ್ಲಿ ಅವನು ತುರ್ಕಿ ಟೋಪಿ ಹಾಕಿದ ಫೆರಾರಿ, ಬ್ಲೂ ಪ್ಯಾರಟ್ ಹೋಟೆಲಿನ ಮಾಲೀಕ, ಊರಿನ ಕಳ್ಳಸಂತೆಯ ಯಜಮಾನ. ತೆರೆಯ ಮೇಲೆ ಇರುವುದೇ ಕೆಲವು ನಿಮಿಷ. ಆ ಕೆಲಸಕ್ಕೆ ಅವನಿಗೆ ವಾರಕ್ಕೆ 3,750 ಡಾಲರ್ ಸಂಬಳ, ಆ ಕಾಲಕ್ಕೆ ಕಣ್ಣು ಕುಕ್ಕುವ ಮೊತ್ತ. ಒಂದು ದೃಶ್ಯದಲ್ಲಿ ಇಂಗ್ರಿಡ್ ಬರ್ಗ್‌ಮನ್, ಪಾಲ್ ಹೆನ್ರೀಡ್ ಊರು ಬಿಡುವ ಪರವಾನಗಿ ಕೇಳಿಕೊಂಡು ಅವನ ಹತ್ತಿರ ಬರುತ್ತಾರೆ. ಆಗುವುದಿಲ್ಲ ಎನ್ನುತ್ತಾನೆ. ಅವರು ಎದ್ದು ಹೊರಡುವಾಗ, ನನಗೇನೂ ಲಾಭವಿಲ್ಲದಿದ್ದರೂ ಯಾಕೋ ಹೇಳುತ್ತಿದ್ದೇನೆ ಎಂಬಂತೆ ಒಂದು ಸುಳಿವು ಕೊಡುತ್ತಾನೆ. ಅವರು ಹೋಗುತ್ತಾರೆ. ಅವನು ಮೇಜಿನ ಮೇಲಿನ ನೊಣವೊಂದನ್ನು ಪಟ್ಟನೆ ಹೊಡೆಯುತ್ತಾನೆ. ಒಳ್ಳೆಯ ಕೆಲಸ ಮಾಡಿಬಿಟ್ಟೆನಲ್ಲ ಎಂಬ ಮುಜುಗರ ಆ ಏಟಿನಲ್ಲಿದೆ. ಇಷ್ಟನ್ನು ಯಾವ ಚಿತ್ರಕಥೆಯೂ ಬರೆದುಕೊಡಲಾರದು.

ಲೋರಿ ಜೊತೆ ಒಟ್ಟು ಒಂಬತ್ತು ಚಿತ್ರ. ಇವನು ಬೆಟ್ಟ, ಅವನು ಕುಳ್ಳ. ಇವನದು ಗುಡುಗುವ ದನಿ, ಅವನದು ಪಿಸುಗುಡುವ ಮೂಗುದನಿ. ತಮಾಷೆ ಎಂದರೆ ‘ಕ್ಯಾಸಾಬ್ಲಾಂಕಾ’ದಲ್ಲಿ ಇಬ್ಬರೂ ಇದ್ದೂ ಮುಖಾಮುಖಿ ಆಗುವುದೇ ಇಲ್ಲ. 1944ರ ‘ದಿ ಮಾಸ್ಕ್ ಆಫ್ ಡಿಮಿಟ್ರಿಯೋಸ್’ ಹೊತ್ತಿಗೆ ವಾರ್ನರ್‌ನವರು ನಾಯಕ ನಾಯಕಿಯರ ಹಂಗಿಲ್ಲದೆ ಈ ಇಬ್ಬರ ಮೇಲೇ ಚಿತ್ರ ನಿಲ್ಲಿಸಿದರು. ಎರಡು ವರ್ಷದ ನಂತರ ‘ತ್ರೀ ಸ್ಟ್ರೇಂಜರ್ಸ್’: ಒಂದು ಚೀನೀ ದೇವತೆಯ ಮೂರ್ತಿ, ಒಂದು ಲಾಟರಿ ಟಿಕೇಟು, ಮೂವರು ಅಪರಿಚಿತರು. ಅದರಲ್ಲಿ ಕಕ್ಷಿದಾರಳ ಹಣ ನುಂಗಿದ ಲಂಡನ್ನಿನ ವಕೀಲನಾಗಿ ಗ್ರೀನ್‌ಸ್ಟ್ರೀಟ್ ಹಂತ ಹಂತವಾಗಿ ಕುಸಿಯುವುದನ್ನು ಗಟ್ಮನ್‌ಗಿಂತ ಒಂದು ಕೈ ಮೇಲೆ ಎಂದೇ ನಾನು ವಾದಿಸುತ್ತೇನೆ. ಒಪ್ಪದ ಗೆಳೆಯರಿದ್ದಾರೆ, ಅವರು ಚಿತ್ರ ನೋಡಿಲ್ಲ.

ಎಂಜಿಎಂನವರ 1947ರ ‘ದಿ ಹಕ್‌ಸ್ಟರ್ಸ್’ನಲ್ಲಿ ಅವನು ಸೋಪು ಕಂಪನಿಯ ಧಣಿ. ಅಮೆರಿಕನ್ ಟೊಬ್ಯಾಕೊ ಕಂಪನಿಯನ್ನು ಆಳಿದ ಜಾರ್ಜ್ ವಾಷಿಂಗ್ಟನ್ ಹಿಲ್‌ನನ್ನು ಕಣ್ಣೆದುರು ಇಟ್ಟುಕೊಂಡು ಬರೆದ ಪಾತ್ರ. ತಲೆಯ ಮೇಲಿನ ಹುಲ್ಲಿನ ಹ್ಯಾಟು ಕೂಡ ತೆಗೆಯದೆ ಸಭೆಯ ತಲೆಯಲ್ಲಿ ಕೂತು, ಮಿರಮಿರ ಮಿಂಚುವ ಮೇಜಿನ ಮೇಲೆ ಥೂ ಎಂದು ಉಗುಳುತ್ತಾನೆ. ಅಸಹ್ಯವಾಯಿತಲ್ಲ, ಆದರೆ ಮರೆಯಲಾರಿರಿ, ಜಾಹೀರಾತು ಅಂದರೆ ಇಷ್ಟೇ ಎಂದು ಪಾಠ ಹೇಳುತ್ತಾನೆ. ಟೀವಿಯಲ್ಲಿ ಒಂದೇ ಸೋಪಿನ ಹೆಸರನ್ನು ಏಳು ಸಲ ಕೂಗುವಾಗಲೆಲ್ಲ ನನಗೆ ಆ ಉಗುಳು ಕಾಣುತ್ತದೆ. 1949ರ ‘ಫ್ಲೆಮಿಂಗೋ ರೋಡ್’ನಲ್ಲಿ ದಕ್ಷಿಣದ ಸಣ್ಣ ಊರಿನ ಷೆರಿಫ್: ಹೋಟೆಲಿನ ಜಗಲಿಯ ಕುರ್ಚಿಯಲ್ಲಿ ಕೂತು, ಜಗ್ಗುಗಟ್ಟಲೆ ಹಾಲು ಕುಡಿಯುತ್ತ, ಶಾಸಕರನ್ನು ಮಾಡುವವನು, ಕೆಡಿಸುವವನು. ಹೆಂಡ ಕುಡಿಯುವ ಖಳರಿಗೆ ಹೆದರದ ನಾನು ಈ ಹಾಲು ಕುಡಿಯುವವನಿಗೆ ಹೆದರಿದ್ದೇನೆ.

ಅವನ ಹೊಟ್ಟೆಯ ಹೆಸರು ಸಿನಿಮಾದ ಆಚೆಗೂ ಹೋಯಿತು. ಲಾಸ್ ಅಲಮೋಸ್‌ನಲ್ಲಿ ಅಣುಬಾಂಬು ಮಾಡುತ್ತಿದ್ದವರಲ್ಲಿ ರಾಬರ್ಟ್ ಸರ್ಬರ್ ಎಂಬ ಭೌತವಿಜ್ಞಾನಿ ಇದ್ದ. ಬಾಂಬಿನ ನಮೂನೆಗಳಿಗೆ ಹೆಸರಿಟ್ಟವನು ತಾನೇ ಎಂದು ಅವನು ಹೇಳಿಕೊಂಡಿದ್ದಾನೆ. ಉದ್ದನೆಯದಕ್ಕೆ ಹ್ಯಾಮೆಟ್‌ನ ಇನ್ನೊಂದು ಕಾದಂಬರಿಯಿಂದ ‘ಥಿನ್ ಮ್ಯಾನ್’, ಗುಂಡಗಿನದಕ್ಕೆ ಗ್ರೀನ್‌ಸ್ಟ್ರೀಟ್‌ನ ಗಟ್ಮನ್ ನೆನಪಿನಲ್ಲಿ ‘ಫ್ಯಾಟ್ ಮ್ಯಾನ್’. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದದ್ದು ಅದು. ಅದೇ ಬೇಸಿಗೆಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಗ್ರೀನ್‌ಸ್ಟ್ರೀಟ್ ‘ಕ್ರಿಸ್‌ಮಸ್ ಇನ್ ಕನೆಕ್ಟಿಕಟ್’ನ ಪತ್ರಿಕಾ ಮಾಲೀಕನಾಗಿ, ಹಬ್ಬಕ್ಕೆ ಮನೆಯಡುಗೆ ಸಿಗುತ್ತದೆಂದು ಬಾಯಿ ಚಪ್ಪರಿಸುತ್ತ, ಅಡುಗೆಯೇ ಬಾರದ ಅಂಕಣಕಾರ್ತಿಯ ಮನೆಗೆ ತಾನೇ ಅತಿಥಿಯಾಗಿ ಹೊರಟಿದ್ದ. ಈ ಎರಡನ್ನೂ ಒಟ್ಟಿಗೆ ಯೋಚಿಸಿದರೆ ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

1948ರಲ್ಲಿ ಸ್ಟುಡಿಯೋಗಳು ತಮ್ಮದೇ ಚಿತ್ರಮಂದಿರ ಇಟ್ಟುಕೊಳ್ಳಬಾರದೆಂಬ ತೀರ್ಪು ಅಮೆರಿಕದ ಸುಪ್ರೀಂ ಕೋರ್ಟಿನಿಂದ ಬಂತು, ಹಿಂದೆಯೇ ಟೀವಿ ಬಂತು. ಸಂಬಳದ ಪಟ್ಟಿಗಳು ಕರಗಿದವು. ಚಿತ್ರಕ್ಕೆ ಇಷ್ಟು ಅಂತ ಮಾತಾಡಿಕೊಂಡು ಬರುವ ಪದ್ಧತಿಯಲ್ಲಿ ಆ ಪಾದ್ರಿ, ಬಟ್ಲರ್, ಸೋದರಮಾವಂದಿರು ಚದುರಿಹೋದರು. ಗ್ರೀನ್‌ಸ್ಟ್ರೀಟ್‌ನ ಆರೋಗ್ಯವೂ ಅಷ್ಟರಲ್ಲೇ ಕೆಟ್ಟಿತ್ತು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ. ‘ಮಲಾಯಾ’ ಮುಗಿಸಿ 1949ಕ್ಕೆ ಸಿನಿಮಾ ಬಿಟ್ಟ. ಎಂಟೇ ವರ್ಷ, ಎರಡು ಡಜನ್ ಚಿತ್ರ. 1954ರ ಜನವರಿ 18ರಂದು ತೀರಿಕೊಂಡ.

ಅದಕ್ಕೆ ಮುಂಚೆ ಒಂದು ಕೊನೆಯ ಕೆಲಸ ಇತ್ತು. 1950ರ ಅಕ್ಟೋಬರ್‌ನಿಂದ ಮರುವರ್ಷದ ಏಪ್ರಿಲ್‌ವರೆಗೆ ಎನ್‌ಬಿಸಿ ರೇಡಿಯೋದಲ್ಲಿ ಪತ್ತೇದಾರ ನೀರೋ ವುಲ್ಫ್. ಕುರ್ಚಿ ಬಿಟ್ಟು ಏಳಲು ಒಲ್ಲದ, ಆರ್ಕಿಡ್ ಬೆಳೆಸಿಕೊಂಡು ಮನೆಯೊಳಗೇ ಇರುವ ದಢೂತಿ. ಓಡಾಟವೆಲ್ಲ ಸಹಾಯಕ ಆರ್ಚಿಯದು. ರೇಡಿಯೋದಲ್ಲಿ ಹೊಟ್ಟೆ ಕಾಣುವುದಿಲ್ಲ, ತಗ್ಗಿನ ಕ್ಯಾಮೆರಾ ಇಲ್ಲ, ಗಡಿಯಾರದ ಸರಪಳಿ ಇಲ್ಲ. ಆ ಕಂತುಗಳ ಧ್ವನಿಮುದ್ರಣಗಳು ಉಳಿದುಕೊಂಡಿವೆ, ಸಂಜೆ ವಾಕಿಂಗ್ ಹೋಗುವಾಗ ಕೇಳುತ್ತೇನೆ. ಒಂದೇ ಒಂದು ಗೊಣಗಿನಲ್ಲಿ 135 ಕಿಲೋವೂ ಕಿವಿಗೆ ಬಂದು ಕೂರುತ್ತದೆ. ಆ ಆರೇ ತಿಂಗಳಲ್ಲಿ ಆರ್ಚಿಯ ಪಾತ್ರಕ್ಕೆ ಒಬ್ಬನಾದ ಮೇಲೊಬ್ಬ ನಟ ಬಂದು ಹೋದ. ವುಲ್ಫ್ ಬದಲಾಗಲಿಲ್ಲ. ಆ ಆರ್ಚಿಗಳಲ್ಲಿ ಜೆರಾಲ್ಡ್ ಮೋರ್ ಪರವಾಗಿಲ್ಲ, ಉಳಿದವರು ಅಷ್ಟಕ್ಕಷ್ಟೆ.